ತಾಳೆ ನೋಡಿದ ಮಳೆಗಾಲ

ಕಳೆದ ವಾರ ಎರ್ನಾಕುಲಂನಲ್ಲಿ, ಕೋರ್ಟಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಸರದಿ ನಿಂತಿದ್ದೆ. ಗ್ಯಾಸ್ ಸಂಪರ್ಕದ ವಿಳಾಸ ಬದಲಿಸಲು ಯಾವುದೋ ಕಾಗದದ ಎರಡು ಪ್ರತಿ ಬೇಕಿತ್ತು. ಹೊರಗೆ ಮಳೆ. ಒಳಗೆ ನೆಲದ ತುಂಬ ನೀರು ಸುರಿಸುತ್ತಿದ್ದ ಕೊಡೆಗಳು, ಯಂತ್ರದ ಬಾಯಿಂದ ಬಿಸಿಬಿಸಿಯಾಗಿ ಜಾರುತ್ತಿದ್ದ ಹಾಳೆಗಳು. ಆ ಬಿಸಿ ಕಾಗದದ ವಾಸನೆ ಮೂಗಿಗೆ ಬಂದ ಕೂಡಲೇ ನನಗೆ ಶಂಕರ ಮಾವನ "ಹೂಂ" ಕೇಳಿಸಿತು. ಕಣ್ಣು ಹಾಳೆಯ ಮೇಲಿಟ್ಟು, ಕೆಂಪು ಪೆನ್ಸಿಲನ್ನು ಸಾಲಿನ ಕೊನೆಗೆ ಊರಿ, ಮುಂದಕ್ಕೆ ಓದಬಹುದು ಎಂದು ಅನುಮತಿ ಕೊಡುವ ಹೂಂ.

ಮನೆಗೆ ಬಂದು ಲತಾಳಿಗೆ ಹೇಳಿದೆ, ಆ ಮಳೆಗಾಲದ ಬಗ್ಗೆ ಬರೆಯಬೇಕು ಅನ್ನಿಸುತ್ತಿದೆ ಎಂದು. ಲತಾ ನನ್ನ ಹೆಂಡತಿ. ಮೈಸೂರಿನವಳು, ಪಾಲಾರಿವಟ್ಟಂನ ಒಂದು ಬ್ಯಾಂಕಿನಲ್ಲಿ ಕೆಲಸ. ಅವಳು ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತಲಿಲ್ಲ.

"ಬರೀರಿ. ಆದ್ರೆ ಮೊದಲು ಗೊತ್ತಾಗಿದ್ದು ನಿಮಗೇ ಅಂತ ಮಾತ್ರ ಬರ್ಕೋಬೇಡಿ."

"ಮತ್ತೆ ಯಾರಿಗೆ ಗೊತ್ತಾದದ್ದು?"

"ನನಗೆ. ನಾನು ಹೇಳಿದಾಗ ನೀವು ನಕ್ಕಿದ್ರಿ."

ನಕ್ಕದ್ದು ನನಗೆ ನೆನಪಿಲ್ಲ. ನಾನು ಓದಿದ್ದು ರಸಾಯನಶಾಸ್ತ್ರ; ಅಂಬಲಮುಗಳ್‌ನ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಒಂದೇ ಮಾದರಿಯನ್ನು ಮೂರು ಸಲ ಅಳೆಯದೆ ಫಲಿತಾಂಶದ ಕೆಳಗೆ ಸಹಿ ಹಾಕುವುದಿಲ್ಲ. ಆದರೆ ಆ ಮಳೆಗಾಲವನ್ನು ಎಷ್ಟು ಸಲ ಅಳೆದರೂ ಪ್ರತಿ ಸಲ ಬೇರೆ ಅಂಕಿ ಬರುತ್ತದೆ. ಅದಾಗಿ ನಾಲ್ಕು ವರ್ಷವಾಯಿತು ಎಂದು ನನ್ನ ಲೆಕ್ಕ. ಲತಾ ಐದು ಎನ್ನುತ್ತಾಳೆ. ಹಾಗಾಗಿ ಇಲ್ಲಿ ಬರೆಯುವುದನ್ನು ಒಂದೇ ಸಲ ಅಳೆದ ಮಾದರಿ ಎಂದು ಓದಿಕೊಳ್ಳಬೇಕು.

ಶಂಕರ ಮಾವ ನನ್ನ ಅಮ್ಮನ ತಮ್ಮ. ಕುಂಬಳೆಯ ಕಡೆಯವರು. ಇಪ್ಪತ್ತೈದು ತುಂಬುವ ಮೊದಲೇ ತಿರುವನಂತಪುರಕ್ಕೆ ಹೋಗಿ ಸರಕಾರದ ಒಂದು ಇಲಾಖೆಯಲ್ಲಿ ಕನ್ನಡ ಅನುವಾದಕರಾದರು. ಕಾಸರಗೋಡಿನ ಕನ್ನಡದವರಿಗಾಗಿ ಹೊರಡುವ ಸುತ್ತೋಲೆ, ಅರ್ಜಿ ನಮೂನೆ, ಮತದಾರರ ಪಟ್ಟಿಯ ಸೂಚನೆ, ಎಲ್ಲವೂ ಅವರ ಮೇಜು ದಾಟಿಯೇ ಹೋಗಬೇಕಿತ್ತು. ಆ ಕಚೇರಿಯಲ್ಲಿ ಕನ್ನಡ ಬಲ್ಲವರು ಮಾವನೂ ಸೇರಿ ಇಬ್ಬರೋ ಮೂವರೋ. ನಾನು ಎಂ.ಎಸ್ಸಿ. ಮಾಡಿದ ಎರಡು ವರ್ಷ ಅವರ ಮನೆಯಲ್ಲೇ ಇದ್ದೆ. ಮಾವನಿಗೂ ಸಾವಿತ್ರಿ ಅತ್ತೆಗೂ ಮಕ್ಕಳಿಲ್ಲ. ಆ ಎರಡು ವರ್ಷ ನಾನೇ ಮಗ.

ಅಲ್ಲಿ ದಿನವೂ ನೋಡುತ್ತಿದ್ದದ್ದು ತಾಳೆ. ಅನುವಾದ ಮುಗಿದ ಮೇಲೆ ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಬೇಕು, ಅನುವಾದಿಸಿದವರು ತಮ್ಮ ಹಾಳೆಯಲ್ಲಿ ಅದೇ ವಾಕ್ಯ ಇದೆಯೇ ಎಂದು ನೋಡುತ್ತ ಹೋಗಬೇಕು. ಒಂದು ಪ್ಯಾರಾ ಮುಗಿದಾಗ ಓದುವವರು ನಿಲ್ಲಬೇಕು. "ಹೂಂ" ಕೇಳಿದರೆ ಮಾತ್ರ ಮುಂದಿನದು. ಕಚೇರಿಯಲ್ಲಿ ಇದಕ್ಕೆ ಜನ ಸಿಗದ ದಿನ ಮಾವ ಕಾಗದವನ್ನು ಮನೆಗೆ ತರುತ್ತಿದ್ದರು. ಅತ್ತೆ ಓದುತ್ತಿದ್ದರು. ಕುಕ್ಕರಿನ ಸೀಟಿಗೆ ಒಂದು ಕಿವಿ, ಭೂ ಕಂದಾಯ ತಿದ್ದುಪಡಿಗೆ ಇನ್ನೊಂದು ಕಿವಿ. ನಿವೃತ್ತಿಯ ಬಳಿಕವೂ ಅದು ನಿಲ್ಲಲಿಲ್ಲ. ಕಾಸರಗೋಡಿನ ಹಳೆಯ ಕನ್ನಡ ದಸ್ತಾವೇಜುಗಳು ಎರ್ನಾಕುಲಂನ ಕೋರ್ಟಿಗೆ ಬರುವಾಗ ಅವಕ್ಕೆ ಇಂಗ್ಲಿಷ್ ಅನುವಾದ ಬೇಕು. ವಕೀಲರು ಮಾವನನ್ನು ಹುಡುಕಿಕೊಂಡು ಬರುತ್ತಿದ್ದರು. ಕೊನೆಯ ಪುಟದ ಕೆಳಗೆ "ಮೂಲದೊಡನೆ ತಾಳೆ ನೋಡಿದ್ದೇನೆ, ಸರಿಯಿದೆ" ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತುವಾಗ ಮಾವ ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. ಅವರ ಹೆಮ್ಮೆ ಎಂಬುದು ಇದ್ದದ್ದು ಆ ಒಂದು ಸಾಲಿನಲ್ಲಿ.

ಆ ವರ್ಷ ಜೂನ್ ಮೊದಲ ವಾರ ಅತ್ತೆಯ ಬಲಗಣ್ಣಿನ ಒಳಪರದೆ ಕಳಚಿಕೊಂಡಿತು. ಎಡಗಣ್ಣು ಮೊದಲೇ ಮಂದ. ಶಸ್ತ್ರಚಿಕಿತ್ಸೆ ಎರ್ನಾಕುಲಂನಲ್ಲಿ ಎಂದಾಯಿತು, ಇಬ್ಬರೂ ನಮ್ಮಲ್ಲಿಗೆ ಬಂದರು. ಪಾಲಾರಿವಟ್ಟಂನಲ್ಲಿ ನಮ್ಮದು ಆರನೇ ಮಹಡಿಯ ಫ್ಲಾಟು. ಮಾವ ಎರಡು ಚೀಲದ ಜೊತೆಗೆ ಒಂದು ತಗಡಿನ ಪೆಟ್ಟಿಗೆಯನ್ನೂ ತಂದಿದ್ದರು. ಅದರಲ್ಲಿ ಮೊಹರು, ಶಾಯಿ, ಕೆಂಪು ಪೆನ್ಸಿಲು, ಎರಡು ನಿಘಂಟು, ಒಬ್ಬ ವಕೀಲರು ಕೊಟ್ಟಿದ್ದ, ಆಸ್ತಿ ಪಾಲಾದಾಗಿನ ಹಳೆಯ ದಸ್ತಾವೇಜಿನ ಜೆರಾಕ್ಸ್ ಇದ್ದವು.

ಆಪರೇಷನ್ನಿನ ಬಳಿಕ ಅತ್ತೆ ಹತ್ತು ದಿನ ಮುಖ ಕೆಳಗೆ ಹಾಕಿಯೇ ಇರಬೇಕಿತ್ತು. ಮಲಗಿದರೂ ಬೋರಲು, ಕೂತರೂ ಹಣೆ ಮೇಜಿಗೆ. ಆಮೇಲೂ ಎರಡು ತಿಂಗಳು ಓದು ಬರಹ ಕೂಡದು. ಅತ್ತೆ ದಿಂಬಿನೊಳಗಿಂದಲೇ ಮನೆ ನಡೆಸಿದರು. "ಲತಾ, ಆ ಹುಳಿಗೆ ಬೆಲ್ಲ ಹಾಕಿದ್ದೀಯಾ ಮಗಳೇ? ನಿಮ್ಮ ಮೈಸೂರಿನವರ ಕೈ ಬೆಲ್ಲದ ಡಬ್ಬಿಯೊಳಗೇ ಇರುದು." ಲತಾ ನಗುತ್ತಿದ್ದಳು. ಮಾವ ಹಾಸಿಗೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅತ್ತೆಯ ತಲೆಯ ಹಿಂಭಾಗ ನೋಡುತ್ತಿದ್ದರು.

ಊಟಕ್ಕೆ ನಾವು ಇಲ್ಲಿನವರ ಹಾಗೆ ಪತಿಮುಗ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ನೀರು ಕುಡಿಯುತ್ತೇವೆ. ತಿಳಿ ಗುಲಾಬಿ ಬಣ್ಣ. ಬಂದ ಮೊದಲ ದಿನ ಮಾವ ಲೋಟ ಎತ್ತಿ ಬೆಳಕಿಗೆ ಹಿಡಿದರು. "ಇದೆಂತ ಮಾರಾಯ, ಕುಡಿಯುವ ನೀರಾ, ಸೀರೆ ತೊಳೆದ ನೀರಾ?" ನಾವು ನಕ್ಕೆವು. ಪಲ್ಯ ಬಡಿಸುವಾಗ ಮತ್ತೊಮ್ಮೆ ಅದೇ ಮಾತು. ಮಜ್ಜಿಗೆಗೆ ಬರುವಷ್ಟರಲ್ಲಿ ಮೂರನೆಯ ಸಲ, ಅದೇ ಧಾಟಿ, ಬೆಳಕಿಗೆ ಹಿಡಿಯುವ ಅದೇ ಕೈ. ಮತ್ತು ನೆನಪಿಡಬೇಕಾದ ಸಂಗತಿ, ಅವರು ತಿರುವನಂತಪುರದ ಮನೆಯಲ್ಲೂ ನಲವತ್ತು ವರ್ಷದಿಂದ ಇದೇ ನೀರು ಕುಡಿದವರು.

ನನ್ನ ಬಳಿ ಎಲ್ಲದಕ್ಕೂ ಉತ್ತರವಿತ್ತು. ಮಾವ ಒಂದು ಬೆಳಿಗ್ಗೆ ಪೇಪರ್ ತರಲು ಹೋಗಿ ಪಕ್ಕದ ಕಟ್ಟಡದ ಆರನೇ ಮಹಡಿಯ ಬೆಲ್ ಒತ್ತಿದರು. ಎಲ್ಲ ಕಟ್ಟಡಗಳೂ ಒಂದೇ ತರ ಇರುವಾಗ ಯಾರಿಗಾದರೂ ಆಗುವುದೇ ಎಂದೆ. ಶರ್ಟಿನ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕಿಕೊಂಡರು; ಹೆಂಡತಿಯ ಕಣ್ಣಿನ ಚಿಂತೆ ಎಂದೆ. ಮೆಟ್ರೋದಲ್ಲಿ ಇಳಿಯುವ ನಿಲ್ದಾಣ ಬಂದಾಗ ಏಳಲೇ ಇಲ್ಲ. ಕಿವಿ ಮಂದವಾಗಿರಬೇಕು ಎಂದೆ. ಒಂದೆರಡು ಸಲ ಆದದ್ದನ್ನು ಪುರಾವೆ ಎನ್ನಲಾಗದು ಎಂದು ಲತಾಳಿಗೆ ಪಾಠ ಮಾಡಿದೆ. ನಾವು ಹುಡುಕಲು ಹೊರಟರೆ ಹುಡುಕಿದ್ದೆಲ್ಲ ಸಿಗುತ್ತದೆ, ಅದಕ್ಕೇ ಹುಡುಕಬಾರದು. ಇದನ್ನೆಲ್ಲ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಹೇಳುವಾಗ ನಕ್ಕಿದ್ದೆನೇ ಎಂಬುದಷ್ಟೇ ಇಲ್ಲ.

ಲತಾ ಹೇಳಿದ್ದು ಬೇರೆಯೇ. "ರೀ, ನೀವು ಗಮನಿಸಿದ್ರಾ? ಮಾವನ್ನ ಏನ್ ಕೇಳಿದ್ರೂ ಮೊದಲು ಅತ್ತೆ ಕಡೆ ತಿರುಗ್ತಾರೆ. ಆಮೇಲೆ ಉತ್ತರ ಕೊಡ್ತಾರೆ."

"ಮದುವೆಯಾಗಿ ನಲವತ್ತೈದು ವರ್ಷ ಆಗಿದೆ. ಎಲ್ಲ ಗಂಡಸರೂ ಹಾಗೇ."

"ನೀವು ತಿರುಗಲ್ಲ. ಕೇಳೋಕೆ ಮೊದಲೇ ಉತ್ತರ ಕೊಡ್ತೀರ. ನೋಡಿ, ಈಗ ಅತ್ತೆ ಮುಖ ಕೆಳಗಿದೆ. ಮಾವ ತಿರುಗ್ತಾರೆ, ಅಲ್ಲಿ ಮುಖಾನೇ ಸಿಗಲ್ಲ. ಆಗ ಅವರು ಏನ್ ಮಾಡ್ತಾರೆ ನೋಡಿ."

ಅವತ್ತು ಮಧ್ಯಾಹ್ನ ನೋಡಿದೆ. ಆಸ್ಪತ್ರೆಯಿಂದ ಫೋನು ಬಂತು, ಅತ್ತೆಗೆ ಸಕ್ಕರೆಯ ಮಾತ್ರೆ ಬೆಳಿಗ್ಗೆ ಕೊಡುವುದೋ ರಾತ್ರಿಯೋ ಎಂದು ಕೇಳಿದರು. ನಾನು ಮಾವನನ್ನು ಕೇಳಿದೆ. ಮಾವ ಹಾಸಿಗೆಯ ಕಡೆ ತಿರುಗಿದರು. ದಿಂಬಿನ ಮೇಲೆ ನರೆತ ಜಡೆ, ಅಷ್ಟೆ. ಅತ್ತೆಗೆ ನಿದ್ದೆ ಹತ್ತಿತ್ತು. ಮಾವ ಅದನ್ನೇ ನೋಡುತ್ತ ನಿಂತರು. ಆಮೇಲೆ ನನ್ನ ಕಡೆ ತಿರುಗಿ ಬಹಳ ಸೌಜನ್ಯದಿಂದ, "ಅದನ್ನೆಲ್ಲ ವಿಚಾರಿಸಿ ಹೇಳುವಾ" ಎಂದರು. ಕಚೇರಿಗೆ ಬಂದ ಅರ್ಜಿದಾರನಿಗೆ ಹೇಳುವ ಹಾಗೆ.

ಮನಸ್ಸಿಗೆ ಏನೋ ಚುಚ್ಚಿತು. ಆದರೂ ಒಂದು ಸಲ ಆದದ್ದು ತಾನೇ ಎಂದುಕೊಂಡೆ.

ಜುಲೈಯಲ್ಲಿ ಆ ದಸ್ತಾವೇಜಿನ ವಕೀಲರು ಫೋನು ಮಾಡತೊಡಗಿದರು. "ಸಾರ್, ಆ ಪಾಲುಪಟ್ಟಿ?" ಮಾವ ಅನುವಾದ ಮುಗಿಸಿದ್ದರು. ಹದಿನೆಂಟು ಪುಟ, ಮುತ್ತು ಪೋಣಿಸಿದಂಥ ಅಕ್ಷರ. ಉಳಿದದ್ದು ತಾಳೆ ಮಾತ್ರ. ಅತ್ತೆ ಓದುವಂತಿಲ್ಲವಲ್ಲ, "ನೀನು ಓದು ಮುರಳಿ" ಎಂದರು ಮಾವ. ನನಗೆ ಖುಷಿಯೇ ಆಯಿತು. ಅವರ ಮನೆಯಲ್ಲಿದ್ದ ಎರಡು ವರ್ಷ ಕೇಳಿ ಕೇಳಿ, ಒಮ್ಮೆಯೂ ಸಿಗದ ಅವಕಾಶ.

ಒಂದು ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮುಂದೆ ಕೂತೆವು. ಕಿಟಕಿಯಾಚೆ ಮಳೆ ಮೇಲ್ಸೇತುವೆಯನ್ನೂ ಬಸ್ಸುಗಳನ್ನೂ ಅಳಿಸಿಹಾಕಿತ್ತು. ಪಾಲುಪಟ್ಟಿ ಐವತ್ತು ವರ್ಷ ಹಿಂದಿನದು. ಒಂದಕ್ಕೊಂದು ತೆಕ್ಕೆ ಬಿದ್ದ ಹಳೆಯ ಗುಮಾಸ್ತರ ಅಕ್ಷರ. ನಾನು ತಡವರಿಸುತ್ತ ಓದಿದೆ. ಮಾವ ಹೂಂ ಎಂದರು. ಜಾಗದ ಗಡಿ ಬಂತು; ಮೂಡಲು ತೋಡು, ತೆಂಕಲು ಕಟ್ಟಪುಣಿ ಎಂಬ ಗದ್ದೆಯ ಬದು, ಹೂಂ. ಏಳನೆಯ ಪುಟದಲ್ಲಿ ಒಂದು ಪ್ಯಾರಾ ಬಂತು. ತೀರಿಹೋದ ಹಿರಿಯಣ್ಣನ ಹೆಂಡತಿಗೂ ಆಕೆಯ ಮಗಳಿಗೂ ಅವರವರ ಜೀವಮಾನ ಪರ್ಯಂತ ಮನೆಯ ತೆಂಕು ಬದಿಯ ಎರಡು ಕೋಣೆಗಳಲ್ಲಿ ವಾಸದ ಹಕ್ಕು ಇರತಕ್ಕದ್ದು, ಅದನ್ನು ಯಾವ ಪಾಲುದಾರನೂ ತಪ್ಪಿಸಕೂಡದು. ಓದಿ ನಿಂತೆ.

"ಹೂಂ."

ಮುಂದಕ್ಕೆ ಓದಿದೆ. ಕಾಫಿಗೆ ಎದ್ದಾಗ ಮಾವನ ಹಾಳೆಗಳ ಮೇಲೆ ಸುಮ್ಮನೆ ಕಣ್ಣಾಡಿಸಿದೆ. ಆ ಪ್ಯಾರಾ ಅಲ್ಲಿರಲಿಲ್ಲ. ಅದರ ಹಿಂದಿನದಿತ್ತು, ಮುಂದಿನದಿತ್ತು, ನಡುವೆ ಅದು ಇಲ್ಲ. ನಾನೇ ಪುಟ ತಪ್ಪಿಸಿದೆನೇ ಎಂದು ಮೂಲ ನೋಡಿದೆ. ಬೇರೆ ಕಡೆ ಸೇರಿಸಿದ್ದಾರೇನೋ ಎಂದು ಹದಿನೆಂಟೂ ಪುಟ ತಿರುವಿದೆ. ಎಲ್ಲೂ ಇರಲಿಲ್ಲ. ಆ ಕೇಸು ಇದ್ದದ್ದೇ ಆ ಮಗಳ ಬಗ್ಗೆ. ಈಗ ಆಕೆಗೂ ವಯಸ್ಸಾಗಿತ್ತು, ಆ ಎರಡು ಕೋಣೆಗಳಲ್ಲೇ ಇದ್ದಳು, ಅವಳನ್ನು ಅಲ್ಲಿಂದ ಎಬ್ಬಿಸಬೇಕೆಂದು ಉಳಿದವರು ಕೋರ್ಟಿಗೆ ಹೋಗಿದ್ದರು.

ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ಮೈ ಕುಗ್ಗುತ್ತದೆ. ಎದುರಿಗೆ ಇಟ್ಟು ತೋರಿಸಬಹುದಿತ್ತು. ತೋರಿಸಲಿಲ್ಲ. ಒಂದು ಸಲ ತಪ್ಪಿದ್ದು ಕಣ್ತಪ್ಪೂ ಇರಬಹುದು, ಇನ್ನೊಮ್ಮೆ ಅಳೆಯಬೇಕು ಅನ್ನಿಸಿತು. ಕಾಫಿ ಮುಗಿಸಿ ಮತ್ತೆ ಕೂತೆವು. ಹನ್ನೊಂದನೇ ಪುಟದಲ್ಲಿ ಬಾವಿಯ ವಿಷಯ ಬಂತು. ನಾನು ಅದೇ ಧಾಟಿಯಲ್ಲಿ, ದನಿ ಬದಲಿಸದೆ, ನನ್ನದೇ ಒಂದು ವಾಕ್ಯ ಸೇರಿಸಿ ಓದಿದೆ. "ಮೇಲ್ಕಂಡ ಬಾವಿಯ ನೀರನ್ನು ಎಲ್ಲ ಪಾಲುದಾರರೂ ಗುಲಾಬಿ ಬಣ್ಣಕ್ಕೆ ತಿರುಗಿಸಿಕೊಂಡು ಕುಡಿಯತಕ್ಕದ್ದು."

ಮಾವನ ಪೆನ್ಸಿಲು ಸಾಲಿನ ಕೊನೆಗೆ ಬಂದು ನಿಂತಿತು.

"ಹೂಂ."

ಕೋಣೆಯೊಳಗಿಂದ ಅತ್ತೆಯ ದನಿ ಬಂತು. "ಮುರಳೀ."

ನಾನು ಹಾಳೆಯಿಂದ ತಲೆ ಎತ್ತಿದೆ.

"ನೀ ಈಗ ಓದಿದ್ದು ಎಂತ?"

ಅವರಿಗೆ ಆ ಹೊತ್ತಿಗೆ ತಲೆ ಎತ್ತಿ ಓಡಾಡಲು ಅನುಮತಿ ಸಿಕ್ಕಿತ್ತು. ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದರು. ಕಣ್ಣಿನ ಮೇಲೆ ತೂತು ತೂತಿನ ಪ್ಲಾಸ್ಟಿಕ್ ಮುಚ್ಚಳ. ಆದರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತು. "ನಿನಗೆ ಎರಡು ವರ್ಷ ಅನ್ನ ಹಾಕಿದ್ದಾರೆ ಅವರು. ಅವರಿಗೆ ಪರೀಕ್ಷೆ ಇಡ್ತೀಯಾ?"

ಮಾವ ಅತ್ತೆಯ ಕಡೆ ತಿರುಗಿದರು, ನನ್ನ ಕಡೆ ತಿರುಗಿದರು. ಏನೋ ನಡೆದಿದೆ ಎಂಬುದು ಅವರಿಗೆ ತಿಳಿಯಿತು. ಪೆನ್ಸಿಲು ಕೆಳಗಿಟ್ಟು ನಕ್ಕರು. "ಗೊತ್ತಿದ್ದೇ ಹೂಂ ಹೇಳಿದ್ದು ನಾನು. ಇವ ಎಲ್ಲಿವರೆಗೆ ಹೋಗ್ತಾನೆ ನೋಡುವಾ ಅಂತ."

ಆ ಮಾತನ್ನು ನಾನು ಅರ್ಧ ನಂಬಿದೆ. ನಂಬಲು ಬೇಕಾದಷ್ಟು ಕುಶಾಲು ಆ ದನಿಯಲ್ಲಿತ್ತು. ಇವತ್ತಿಗೂ ಒಮ್ಮೊಮ್ಮೆ ನಂಬುತ್ತೇನೆ.

ಮರುದಿನ ಮಾವ ಸ್ನಾನಕ್ಕೆ ಹೋದಾಗ ಲತಾ ಅತ್ತೆಯ ಕಣ್ಣಿಗೆ ಔಷಧಿ ಹಾಕುತ್ತಿದ್ದಳು. ಬಿಟ್ಟುಹೋದ ಪ್ಯಾರಾದ ವಿಷಯ ನಾನು ಇಬ್ಬರಿಗೂ ಹೇಳಿದೆ. ಅತ್ತೆ ತಲೆ ಹಿಂದಕ್ಕೆ ಚೆಲ್ಲಿ, ಚಾವಣಿಗೆ ಹೇಳುವ ಹಾಗೆ ಹೇಳಿದರು. "ಎರಡು ವರ್ಷ ಆಯ್ತು."

ಎರಡು ವರ್ಷದಿಂದ, ಬೆಳಿಗ್ಗೆ ಮಾವ ದೇವಸ್ಥಾನಕ್ಕೆ ಹೋದ ಹೊತ್ತಿನಲ್ಲಿ ಅತ್ತೆ ಒಬ್ಬರೇ ಕೂತು ತಾಳೆ ನೋಡುತ್ತಿದ್ದರಂತೆ. ಬಿಟ್ಟುಹೋದದ್ದನ್ನು ಪೆನ್ಸಿಲಿನಲ್ಲಿ ಅಂಚಿಗೆ ಬರೆದಿಡುತ್ತಿದ್ದರಂತೆ. ಮಾವ ಬಂದು ಅದರ ಮೇಲೆಯೇ ಶಾಯಿ ತಿದ್ದುತ್ತಿದ್ದರು. ಸಂಜೆ ಇಬ್ಬರೂ ಕೂತು ಎಂದಿನಂತೆ ಓದುವುದು, ಹೂಂ ಎನ್ನುವುದು. ಅಷ್ಟರಲ್ಲಿ ಎಲ್ಲ ಸರಿಯಾಗಿರುತ್ತಿತ್ತು.

"ಇದು ಯಾರ ಅಕ್ಷರ ಅಂತ ಅವರು ಒಂದು ದಿನವೂ ಕೇಳ್ಲಿಲ್ಲ" ಎಂದರು ಅತ್ತೆ. "ಬಿಟ್ಟುಹೋದದ್ದಕ್ಕೆ ನನಗೆ ಹೆದರಿಕೆ ಆಗ್ಲಿಲ್ಲ ಮಗಳೇ. ಅದು ಕೇಳದ್ದೇ ಹೆದರಿಕೆ."

"ಡಾಕ್ಟರ ಹತ್ರ ಹೋಗ್ಬೇಕಿತ್ತು ಅತ್ತೆ" ಎಂದಳು ಲತಾ.

"ಹೋದ್ರೆ ಅವರೊಂದು ಹೆಸರು ಕೊಡ್ತಾರೆ. ಹೆಸರು ಬಂದ ಮೇಲೆ ಮೊಹರು ಹೋಗ್ತದೆ. ಮೊಹರು ಹೋದ್ರೆ ಇವರು ಬೆಳಿಗ್ಗೆ ಎದ್ದು ಎಂತ ಮಾಡುದು?" ಆಮೇಲೆ ನನ್ನ ಕಡೆ ತಿರುಗಿದರು. "ಮುರಳಿ, ಆ ಪ್ಯಾರಾ ನೀ ಬರೆದು ಸೇರಿಸು. ಅವರು ಸಹಿ ಹಾಕ್ಲಿ. ಇದೊಂದು. ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗು."

ನಾನು ಒಂದು ದಿನ ಪೂರ್ತಿ ಯೋಚಿಸಿದೆ. ಬಸ್ಸಿನಲ್ಲಿ ಅಂಬಲಮುಗಳ್‌ಗೆ ಹೋಗುತ್ತ, ಬರುತ್ತ. ಬಿಟ್ಟುಹೋದ ಪ್ಯಾರಾ ಒಂದೇ ಎಂದು ಯಾರು ಹೇಳಿದರು? ನಾನು ತಡವರಿಸಿ ಓದಿದ್ದರಲ್ಲಿ ಎಷ್ಟು ಸರಿ? "ಸರಿಯಿದೆ" ಎಂಬ ಆ ಸಾಲನ್ನು ನಂಬಿ ಯಾವನೋ ಒಬ್ಬ ನ್ಯಾಯಾಧೀಶ ಒಂದು ಮುದುಕಿಯ ಎರಡು ಕೋಣೆಗಳ ಬಗ್ಗೆ ತೀರ್ಮಾನ ಮಾಡುತ್ತಾನೆ. ಸಂಜೆ ಲತಾಳನ್ನು ಕೇಳಿದೆ. ಅವಳು ತಿರುಗಿ ಒಂದೇ ಪ್ರಶ್ನೆ ಕೇಳಿದಳು. "ನಿಮ್ಮ ಲ್ಯಾಬಲ್ಲಿ ಹಾಗೆ ಮಾಡ್ತೀರಾ?"

ಮೂರು ದಿನ ರಜೆ ಹಾಕಿದೆ. ಮೊದಲ ದಿನ ಮಾವನ ಎದುರು ಮೂಲ ಇಟ್ಟೆ, ಅನುವಾದ ಇಟ್ಟೆ, ಪ್ಯಾರಾದ ಮೇಲೆ ಬೆರಳಿಟ್ಟೆ. "ಮಾವ, ಇದು ಬಿಟ್ಟುಹೋಗಿದೆ. ನಾನು ಓದಿದಾಗ ನೀವು ಹೂಂ ಹೇಳಿದ್ರಿ."

ಮಾವ ಓದಿದರು. ತುಟಿ ಅಲುಗಾಡಿತು. ಅನುವಾದದ ಪುಟವನ್ನು ಹಿಂದೆ ಮುಂದೆ ತಿರುವಿದರು, ಜೆರಾಕ್ಸಿನವರು ಪುಟ ನುಂಗಿದ್ದಾರೆ ಎಂದರು, ಪುಟಸಂಖ್ಯೆ ನೋಡಿ ಸುಮ್ಮನಾದರು. ಆಮೇಲೆ ಹೊಸ ಹಾಳೆ ತೆಗೆದು ಆ ಪ್ಯಾರಾವನ್ನು ಅಲ್ಲೇ, ನನ್ನೆದುರು, ಇಂಗ್ಲಿಷಿಗೆ ಇಳಿಸಿದರು. ಒಂದು ಪದಕ್ಕೂ ತಡೆಯಲಿಲ್ಲ. ಅಷ್ಟು ಚೊಕ್ಕ ಅನುವಾದವನ್ನು ನಾನು ಜನ್ಮದಲ್ಲಿ ಮಾಡಲಾರೆ. ನನಗೆ ಜೀವ ಬಂದಂತಾಯಿತು. ಬರೀ ಕಣ್ತಪ್ಪು ಎಂದು ಕೂಗಿ ಲತಾಳಿಗೆ ಹೇಳಬೇಕೆನ್ನಿಸಿತು. ಮಾವನ ಮುಂದೆ ಮೊಹರಿನ ಪೆಟ್ಟಿಗೆ ಸರಿಸಿದೆ.

ಮಾವ ಅದನ್ನು ಮುಟ್ಟಲಿಲ್ಲ. "ತಾಳೆ ನೋಡಿದ್ದು ಯಾರು?"

"ನಾವಿಬ್ಬರು."

"ಅಲ್ಲ. ಬಿಟ್ಟದ್ದನ್ನು ಕಂಡದ್ದು ನೀನು. ಹೂಂ ಹೇಳಿದ್ದು ನಾನು. ಆ ಹೂಂ ಸುಳ್ಳಾಯ್ತಲ್ಲ. ಸುಳ್ಳು ಹೂಂ ಹೇಳಿದವ ಸರಿಯಿದೆ ಅಂತ ಬರೆಯುದು ಹೇಗೆ?" ಪೆಟ್ಟಿಗೆಯ ಮುಚ್ಚಳ ಹಾಕಿ ನನ್ನ ಕಡೆ ದೂಡಿದರು. "ವಕೀಲರಿಗೆ ಹೇಳು, ಬೇರೆಯವರನ್ನು ನೋಡ್ಲಿ."

ಅಷ್ಟೇ ಆಗಿದ್ದರೆ ಅದು ದೊಡ್ಡ ಮನುಷ್ಯನೊಬ್ಬನ ಕಥೆಯಾಗಿ ಮುಗಿಯುತ್ತಿತ್ತು. ನಾನೂ ಹಾಗೆಂದೇ ತಿಳಿದಿದ್ದೆ. ಮರುದಿನ ಬೆಳಿಗ್ಗೆ ಮಾವ ಮಿಂದು, ವಿಭೂತಿ ಹಚ್ಚಿ, ಮೇಜಿನೆದುರು ಬಂದು ಕೂತರು. "ಮುರಳಿ, ಆ ಪಾಲುಪಟ್ಟಿ ತಾಳೆ ಆಗಿದೆಯಲ್ಲ? ಮೊಹರು ಎಲ್ಲಿ?"

ಕೋಣೆಯೊಳಗೆ ಅತ್ತೆಯ ಮಂಚ ಕಿರ್ರೆಂದಿತು. ನಾನು ಮತ್ತೆ ಮೂಲ ಇಟ್ಟೆ, ಪ್ಯಾರಾ ತೋರಿಸಿದೆ, ಅದೇ ಮಾತು ಹೇಳಿದೆ. ಮತ್ತೆ ತುಟಿ ಅಲುಗಾಡಿತು. ಮತ್ತೆ ಜೆರಾಕ್ಸಿನವರ ಮೇಲೆ ದೂರು. ಮತ್ತೆ ಆ ಮುಖ, ತನ್ನದೇ ತಪ್ಪನ್ನು ಮೊದಲ ಸಲ ಕಾಣುತ್ತಿರುವವನ ಮುಖ. ಮತ್ತೆ ಪೆಟ್ಟಿಗೆಯ ಮುಚ್ಚಳ. "ಸುಳ್ಳು ಹೂಂ ಹೇಳಿದವ..."

ಮೂರನೆಯ ದಿನವೂ ಹಾಗೆಯೇ. ಒಂದೇ ಮನುಷ್ಯ ಮೂರು ದಿನದಲ್ಲಿ ಮೂರು ಸಲ ತನ್ನ ಕೆಲಸಕ್ಕೆ ರಾಜೀನಾಮೆ ಕೊಟ್ಟ. ಮೂರು ಸಲವೂ ಪೂರ್ತಿ ನೋವು ತಿಂದ. ಹಿಂದಿನ ದಿನದ ನೋವಿನಿಂದ ಒಂದಿಷ್ಟೂ ರಿಯಾಯಿತಿ ಸಿಗಲಿಲ್ಲ. ನಾನು ಬೇಕೆಂದಿದ್ದ ಮೂರು ಅಳತೆಗಳು ಸಿಕ್ಕಿದವು. ಮೂರೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಒಂದೇ ಆಗಿದ್ದವು.

ನಾಲ್ಕನೆಯ ದಿನ ನಾನು ಕೆಲಸಕ್ಕೆ ಹೊರಟು ಚಪ್ಪಲಿ ಹಾಕುತ್ತಿದ್ದೆ. ಮಾವ ಬಂದರು. ಅದೇ ವಿಭೂತಿ, ಅದೇ ಪ್ರಶ್ನೆ. ನಾನು ಬಗ್ಗಿದಲ್ಲಿಂದಲೇ ಹೇಳಿದೆ. "ಸಹಿ ಆಗಿದೆ ಮಾವ. ನಿನ್ನೆಯೇ ವಕೀಲರಿಗೆ ಕೊಟ್ಟು ಬಂದೆ."

"ಹೌದಾ? ಎಂತ ಹೇಳಿದ್ರು?"

"ಅಕ್ಷರ ಚಂದ ಉಂಟು ಹೇಳಿದ್ರು."

ಮಾವನ ಮುಖ ಅರಳಿತು. ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂತರು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಊಟದ ಡಬ್ಬಿ ತಡಕಾಡಿ ತೆಗೆದು ನನ್ನ ಕೈಗೆ ಕೊಟ್ಟರು. ನಾನು ವಕೀಲರ ಕಚೇರಿಗೆ ಹೋಗಿ, ಮೂಲವನ್ನು ಸಹಿಯಿಲ್ಲದ ಅನುವಾದದ ಜೊತೆ ಹಿಂದಿರುಗಿಸಿ, ಬೇರೆಯವರಿಂದ ಮಾಡಿಸಿಕೊಳ್ಳಲು ಹೇಳಿ ಬಂದದ್ದು ಅದೇ ದಿನ ಸಂಜೆ. ಮಳೆ ನಿಂತಿತ್ತು. ಕೊಡುವ ಮೊದಲು ದಾರಿಯ ಜೆರಾಕ್ಸ್ ಅಂಗಡಿಯಲ್ಲಿ ಪಾಲುಪಟ್ಟಿಯ, ಮಾವನ ಅಕ್ಷರದ ಹದಿನೆಂಟೂ ಪುಟಗಳ, ಆಮೇಲೆ ಬರೆದ ಆ ಒಂದು ಹಾಳೆಯ ನಕಲು ತೆಗೆಸಿ ಇಟ್ಟುಕೊಂಡೆ. ಯಾಕೆಂದು ಆಗ ಗೊತ್ತಿರಲಿಲ್ಲ. ಹಾಳೆಗಳು ಬಿಸಿ ಇದ್ದವು.

ಅಕ್ಟೋಬರಿನ ಹಿಂಗಾರು, ಇಲ್ಲಿನವರ ತುಲಾವರ್ಷ, ಶುರುವಾದ ಮೇಲೆ ಅವರಿಬ್ಬರನ್ನೂ ತಿರುವನಂತಪುರಕ್ಕೆ ಬಿಟ್ಟುಬರಲು ಹೋದೆ. ತಮ್ಮ ಓಣಿಗೆ ಕಾಲಿಟ್ಟ ಕೂಡಲೇ ಮಾವ ಬೇರೆಯೇ ಮನುಷ್ಯ. ಎಲ್ಲಿ ಕಲ್ಲು, ಎಲ್ಲಿ ಚರಂಡಿ, ಯಾರ ನಾಯಿ ಕಚ್ಚುತ್ತದೆ, ಎಲ್ಲ ಗೊತ್ತಿತ್ತು. ಎದುರು ಮನೆಯವರೊಡನೆ ಮಲೆಯಾಳದಲ್ಲಿ ಹರಟಿದರು. ನನಗೆ ಮತ್ತೆ ಹಳೆಯ ಸಂಶಯ ಬಂತು. ನಮ್ಮ ಆರನೇ ಮಹಡಿಯೇ ರೋಗವಾಗಿತ್ತೇನೋ ಎಂದು. ಅಷ್ಟು ದಣಿದಿದ್ದೆ ಎಂದರೆ, ಯಾವ ಸಣ್ಣ ನೆಪ ಸಿಕ್ಕಿದರೂ ಅದರ ಮೇಲೆ ಒರಗಿ ಮಲಗಿಬಿಡುತ್ತಿದ್ದೆ.

ಮರುದಿನ ಅಲ್ಲಿನ ಆಸ್ಪತ್ರೆಯಲ್ಲಿ ಮಾವನನ್ನು ತೋರಿಸಿದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಮೆತ್ತಗೆ. ಮಧ್ಯಾಹ್ನದ ಗುಡುಗು ಆಗಲೇ ಶುರುವಾಗಿತ್ತು. "ಅಂಕಲ್, ಇದು ಯಾವ ತಿಂಗಳು?" ಎಂದು ಮಲೆಯಾಳದಲ್ಲಿ ಕೇಳಿದರು. ಮಾವ ಅತ್ತೆಯ ಕಡೆ ತಿರುಗಿದರು. ಈಗ ಅಲ್ಲಿ ಮುಖ ಇತ್ತು; ಮುಚ್ಚಳ ತೆಗೆದಾಗಿತ್ತು. ಅತ್ತೆ ಏನೂ ಹೇಳಿಕೊಡಲಿಲ್ಲ. ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು, ಕಣ್ಣು ಮಾತ್ರ ಅವರ ಮೇಲಿಟ್ಟು ಕೂತರು. ಎರಡು ವರ್ಷದಲ್ಲಿ ಮೊದಲ ಸಲ. ಡಾಕ್ಟರು ಆ ತಿರುಗುವುದನ್ನು ನೋಡಿದರು, ಕಾಗದದ ಮೇಲೆ ಏನೋ ಬರೆದುಕೊಂಡರು. ಲತಾ ಜೂನ್ ತಿಂಗಳಲ್ಲಿ ಹೇಳಿದ್ದೂ ಅದನ್ನೇ. ಹೊರಗೆ ಬರುವಾಗ ಅತ್ತೆ ಹೇಳಿದ ಹಾಗೆಯೇ ಒಂದು ಹೆಸರು ನಮ್ಮ ಕೈಯಲ್ಲಿತ್ತು.

ಈಗ ಮಾವನಿಗೆ ನನ್ನ ಹೆಸರು ಬರುವುದಿಲ್ಲ. ಆದರೆ ಬೆಳಿಗ್ಗೆ ಹತ್ತಕ್ಕೆ ಅತ್ತೆ ನಾನು ಕೊಟ್ಟ ಆ ಜೆರಾಕ್ಸ್ ಪುಟಗಳನ್ನು ಅವರ ಮುಂದಿಡುತ್ತಾರೆ, ಕೆಂಪು ಪೆನ್ಸಿಲು ಕೊಡುತ್ತಾರೆ, ಕನ್ನಡದಲ್ಲಿ ಓದುತ್ತಾರೆ. ಅತ್ತೆಗೂ ಅಕ್ಷರ ಸರಿಯಾಗಿ ಕಾಣುವುದಿಲ್ಲ, ಪಾಲುಪಟ್ಟಿ ಬಾಯಿಪಾಠವಾಗಿದೆ. ಮೂಡಲು ತೋಡು, ತೆಂಕಲು ಕಟ್ಟಪುಣಿ. ಹೂಂ. ಪುಟ ತಲೆಕೆಳಗಾಗಿದ್ದರೂ ಹೂಂ. ಆ ಮುದುಕಿಯ ಕೋಣೆಗಳು ಉಳಿದವೇ ಎಂದು ನಾನು ವಕೀಲರನ್ನು ಕೇಳಲೇ ಇಲ್ಲ. ಕೇಳಿದ್ರಿ, ಉಳಿದವು ಅಂದ್ರಂತೆ, ನೀವೇ ಬಂದು ನನಗೆ ಹೇಳಿದ್ರಿ ಎನ್ನುತ್ತಾಳೆ ಲತಾ.

ಇಷ್ಟು ಬರೆದು ಮುಗಿಸಿ ನಿನ್ನೆ ಬೆಳಿಗ್ಗೆ ಅವಳಿಗೆ ಕೊಟ್ಟೆ. "ಒಂದು ಸಲ ಗಟ್ಟಿಯಾಗಿ ಓದು, ತಾಳೆ ನೋಡುವಾ" ಎಂದೆ. ನನ್ನ ಕೈಯಲ್ಲೊಂದು ಪ್ರತಿ, ಅವಳ ಕೈಯಲ್ಲೊಂದು. ಊಟದ ಅದೇ ಮೇಜು. ಅವಳು ಓದಿದಳು, ನಾನು ಹೂಂ ಎನ್ನುತ್ತ ಹೋದೆ. ಎರಡನೆಯ ಪುಟದಲ್ಲಿ ಅವಳು ದನಿ ಬದಲಿಸದೆ ಓದಿದಳು. "ಮೊದಲು ಗೊತ್ತಾದದ್ದು ಲತಾಳಿಗೆ. ನಾನು ನಕ್ಕೆ."

"ಹೂಂ" ಎಂದೆ.

ಅವಳು ನಿಂತಳು. ಆ ವಾಕ್ಯ ನಾನು ಬರೆದಿರಲಿಲ್ಲ. ಅವಳು ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ಗೊತ್ತಿದ್ದೇ ಹೂಂ ಹೇಳಿದ್ದು" ಎಂದೆ. "ನೀನು ಎಲ್ಲಿವರೆಗೆ ಹೋಗ್ತೀ ನೋಡುವಾ ಅಂತ."

ಗೊತ್ತಿದ್ದೇ ಹೇಳಿದ್ದು. ನನಗೆ ನೆನಪಿರುವುದು ಹಾಗೆ. ಅವಳು ಪೆನ್ಸಿಲು ತೆಗೆದುಕೊಂಡು ಆ ವಾಕ್ಯವನ್ನು ಅಂಚಿನಲ್ಲಿ ಬರೆದಳು. ನಾನು ಅದರ ಮೇಲೆಯೇ ಶಾಯಿ ತಿದ್ದಿದೆ.